ಪಾತ್ರೆ ತೊಳೆಯುವ ಕೈಗೆ ಯಾವ ಗ್ಲೌಸ್?

(ಮಹಿಳಾ ವಿಭಾಗದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸ)



ಇಂದಿನ ವಿಷಯ ಸಣ್ಣದು ಅನ್ನಿಸಬಹುದು. ಆದರೆ ಸೋಪು, ಬ್ಲೀಚಿಂಗ್ ಪೌಡರ್, ಬೆಳ್ಳುಳ್ಳಿಯ ರಸ ತಾಗಿ ತಾಗಿ ಬೆರಳ ಸಂದು ಬಿರಿದು, ಚಪಾತಿ ಹಿಟ್ಟು ಕಲಸಲೂ ಆಗದಷ್ಟು ಉರಿ ಅನುಭವಿಸಿದವರಿಗೆ ಇದು ಸಣ್ಣದಲ್ಲ.

ಆಪರೇಷನ್ ಥಿಯೇಟರಿಗೆ ರಬ್ಬರ್ ಗ್ಲೌಸ್ ಬಂದದ್ದರಲ್ಲೂ ಒಬ್ಬ ಹೆಣ್ಣುಮಗಳ ಕೆರಳಿದ ಕೈಯ ಕಥೆಯಿದೆ. 1889–90ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈ, ಕ್ರಿಮಿನಾಶಕವಾಗಿ ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಹಾಳಾಯಿತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ಕಂಪನಿಗೆ ಹೇಳಿ ತೆಳು ಗ್ಲೌಸ್ ಮಾಡಿಸಿಕೊಟ್ಟರು. ರೋಗಿಯನ್ನು ಸೋಂಕಿನಿಂದ ಕಾಪಾಡುವ ಯೋಚನೆ ಬಂದದ್ದು ಆಮೇಲೆ.

ಚರ್ಮದ ಮೇಲ್ಪದರದ ಕೋಶಗಳ ನಡುವೆ ಜಿಡ್ಡಿನಂಶ ಇರುತ್ತದೆ. ಸೋಪು ಅದನ್ನು ತೆಗೆದುಹಾಕುತ್ತದೆ. ಗ್ಲೌಸ್ ಸೋಪನ್ನು ತಡೆಯುತ್ತದೆ, ನಿಜ. ಆದರೆ ರಬ್ಬರಿಗೂ ಪ್ಲಾಸ್ಟಿಕ್ಕಿಗೂ ಗಾಳಿಯಾಡುವುದಿಲ್ಲ. ಒಳಗೆ ಬೆವರು ನಿಂತು ಚರ್ಮ ನೆನೆಯುತ್ತದೆ. ಆರೋಗ್ಯವಂತ ಚರ್ಮ ಸ್ವಲ್ಪ ಹೊತ್ತು ಅದನ್ನು ತಡೆದುಕೊಳ್ಳುತ್ತದೆ. ಈಗಾಗಲೇ ಕೆರಳಿದ ಚರ್ಮ ಗಂಟೆಗಟ್ಟಲೆ ಹಾಗೆ ಬೆವರಿನಲ್ಲಿದ್ದರೆ ಮಾಗುವುದು ನಿಧಾನವಾಗುತ್ತದೆ. ಸೋಪಿನ ನೀರು ಒಳಗೆ ಸೇರಿದರಂತೂ ಗ್ಲೌಸ್ ಹಾಕದಿರುವುದೇ ವಾಸಿ.

ಇನ್ನು ಯಾವುದರಿಂದ ಮಾಡಿದ್ದು ಎಂಬುದು. ಲೇಟೆಕ್ಸ್ ರಬ್ಬರಿನ ಪ್ರೋಟೀನಿನಿಂದ ಕೆಲವರಿಗೆ ಕೂಡಲೇ ತುರಿಕೆ, ದದ್ದು ಬರುತ್ತದೆ. ಅಪರೂಪಕ್ಕೆ ಉಸಿರಾಟದ ತೊಂದರೆಯೂ ಆಗುತ್ತದೆ. ನೈಟ್ರೈಲಿನಲ್ಲಿ ಆ ಪ್ರೋಟೀನ್ ಇಲ್ಲ. ಆದರೆ ರಬ್ಬರನ್ನು ಗಟ್ಟಿಗೊಳಿಸಲು ಸೇರಿಸುವ ರಾಸಾಯನಿಕಗಳು ಎರಡರಲ್ಲೂ ಇರಬಹುದು. ಅವುಗಳ ಅಲರ್ಜಿ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ. ವಿನೈಲಿನಲ್ಲಿ ಸಾಮಾನ್ಯವಾಗಿ ಇವೆರಡೂ ಇಲ್ಲ. ತೆಳುವಾದದ್ದು ಬೇಗ ಹರಿಯುತ್ತದೆ. ಬರೀ ಹತ್ತಿಯದು ನೀರಿನ ಕೆಲಸಕ್ಕೆ ಬಾರದು, ಒಳಗವಸಾಗಿ ಮಾತ್ರ ಬಹಳ ಒಳ್ಳೆಯದು. ಬೆವರು ಹೀರುತ್ತದೆ, ರಬ್ಬರ್ ನೇರವಾಗಿ ಚರ್ಮಕ್ಕೆ ತಾಗದಂತೆ ನೋಡಿಕೊಳ್ಳುತ್ತದೆ.

ಆದ್ದರಿಂದ ಕೈ ಚೆನ್ನಾಗಿ ಒರೆಸಿ, ಉಂಗುರ ತೆಗೆದಿಟ್ಟು, ಮೊದಲು ಹತ್ತಿಯದು, ಮೇಲೆ ಉದ್ದ ತೋಳಿನ ದಪ್ಪ ಗ್ಲೌಸ್ ಹಾಕಿ. ಇಪ್ಪತ್ತು ನಿಮಿಷಕ್ಕೊಮ್ಮೆ ಬಿಚ್ಚಿ. ಒದ್ದೆಯಾದ ಒಳಗವಸು ಬದಲಿಸಿ. ತೂತಾದದ್ದನ್ನು ಎಸೆಯಿರಿ. ರಾತ್ರಿ ವ್ಯಾಸಲೀನ್ ಹಚ್ಚಿ. ಕೆಂಪು ಹೋಯಿತೆಂದು ನಿಲ್ಲಿಸಬೇಡಿ. ಒಳಗಿನ ದುರಸ್ತಿಗೆ ತಿಂಗಳುಗಳೇ ಬೇಕು. ಗುಣವಾಗದಿದ್ದರೆ ಚರ್ಮವೈದ್ಯರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ.

ಕೊನೆಗೊಂದು ಕೋರಿಕೆ. ಮುಂಬಯಿಯ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವುದು ಹೆಚ್ಚಾಗಿ ಕೆಲಸದ ಬಾಯಿ. ನಮಗೆ ಒಂದು ಮನೆಯ ಸಿಂಕು, ಅವಳಿಗೆ ನಾಲ್ಕೈದು ಮನೆಯದು. ಕೈ ಕೆಟ್ಟರೆ ನಾವು ಡಾಕ್ಟರ ಹತ್ತಿರ ಹೋಗುತ್ತೇವೆ. ಅವಳು ರಜೆ ಹಾಕಬೇಕು, ಸಂಬಳ ಕಡಿತವಾಗುತ್ತದೆ. ಅವಳ ಅಳತೆ ಕೇಳಿ, ಒಂದು ಜೊತೆ ಗ್ಲೌಸ್, ಎರಡು ಜೊತೆ ಹತ್ತಿಯ ಒಳಗವಸು ನಿಮ್ಮ ಸಿಂಕಿನ ಪಕ್ಕ ತೂಗುಹಾಕಿ. ಅದನ್ನು ಹಾಕಿ ಬಿಚ್ಚಲು ಹಿಡಿಯುವ ಐದು ನಿಮಿಷಕ್ಕೆ ಗೊಣಗಬೇಡಿ.