ಭೇದಿ ನಿಂತ ಮೇಲೆ ಬರುವ ಮಂಡಿನೋವು



ಹೊಟ್ಟೆಗೂ ಮಂಡಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ.

ನಮ್ಮ ಇಟ್ಟಮಡುವಿನಂತಹ ಬಡಾವಣೆಯನ್ನೇ ತೆಗೆದುಕೊಳ್ಳಿ. ನಲ್ಲಿಯಲ್ಲಿ ನೀರು ಬಾರದ ದಿನ ಸಂಪಿಗೆ ಟ್ಯಾಂಕರ್ ನೀರು ತುಂಬಿಸುತ್ತೇವೆ. ಕುದಿಸದೆ ಕುಡಿದ ನೀರಿನಿಂದಲೋ, ತೆರೆದಿಟ್ಟ ತಿನಿಸಿನಿಂದಲೋ ಹೊಟ್ಟೆ ಕೆಡುತ್ತದೆ. ಕೆಲವು ದಿನ ಭೇದಿ, ಜ್ವರ. ಆಮೇಲೆ ಗುಣವಾಗುತ್ತದೆ, ಮರೆತೂ ಹೋಗುತ್ತದೆ. ಒಂದರಿಂದ ನಾಲ್ಕು ವಾರಗಳ ನಂತರ ಒಂದು ಮಂಡಿಯೋ ಪಾದದ ಕೀಲೋ ಊದಿಕೊಳ್ಳುತ್ತದೆ. ಬೆಳಿಗ್ಗೆ ಎದ್ದರೆ ಹಿಮ್ಮಡಿ ಊರಲಾಗದು. ಇದೇ ರಿಯಾಕ್ಟಿವ್ ಆರ್ಥ್ರೈಟಿಸ್.

ಸಾಲ್ಮೊನೆಲ್ಲ, ಶಿಗೆಲ್ಲ, ಕ್ಯಾಂಪಿಲೊಬ್ಯಾಕ್ಟರ್ ಮುಂತಾದ ಬ್ಯಾಕ್ಟೀರಿಯಾಗಳು ಇದಕ್ಕೆ ನಾಂದಿ. ಆದರೆ ಕೀಲಿನ ನೀರನ್ನು ತೆಗೆದು ಪರೀಕ್ಷಿಸಿದರೆ ಅವು ಅಲ್ಲಿ ಬೆಳೆಯುವುದಿಲ್ಲ. ಕರುಳಿನ ಶತ್ರುವಿನ ವಿರುದ್ಧ ಎದ್ದ ದೇಹದ ರಕ್ಷಣಾಶಕ್ತಿಯೇ ಕೀಲಿನಲ್ಲಿ ಉರಿಯೂತ ಎಬ್ಬಿಸುತ್ತದೆ. ಭೇದಿಯಾದವರಿಗೆಲ್ಲ ಹೀಗಾಗದು. 1962ರಲ್ಲಿ ಅಮೆರಿಕದ ನೌಕಾಪಡೆಯ ಹಡಗೊಂದರಲ್ಲಿ 602 ಮಂದಿಗೆ ಶಿಗೆಲ್ಲ ಆಮಶಂಕೆ ತಗುಲಿದಾಗ, ಕೀಲುಬೇನೆ ಕಾಣಿಸಿಕೊಂಡದ್ದು 9 ಮಂದಿಗೆ. ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುಣವುಳ್ಳವರಲ್ಲಿ ಸಾಧ್ಯತೆ ಹೆಚ್ಚು.

2006ರಲ್ಲಿ ರಾಜ್ಯದಲ್ಲೆಲ್ಲ ಹಬ್ಬಿದ ಚಿಕುನ್‌ಗುನ್ಯ ನಿಮಗೆ ನೆನಪಿರಬಹುದು. ಅಂದಿನಿಂದ ಕೀಲು ಹಿಡಿದರೆ ಸಾಕು, ಅದೇ ಇರಬೇಕು ಎನ್ನುವವರಿದ್ದಾರೆ. ಚಿಕುನ್‌ಗುನ್ಯದಲ್ಲಿ ಜ್ವರ, ಕೀಲುನೋವು ಸಾಮಾನ್ಯವಾಗಿ ಜೊತೆಯಾಗಿಯೇ ಬರುತ್ತವೆ; ಎರಡೂ ಕೈಗಳ ಬೆರಳು, ಮಣಿಕಟ್ಟು ನೋಯುತ್ತವೆ. ಇದರಲ್ಲಾದರೋ ಭೇದಿ ಮೊದಲು, ನೋವು ವಾರಗಳ ನಂತರ. ಅದೂ ಹೆಚ್ಚಾಗಿ ಕಾಲಿನಲ್ಲಿ, ಒಂದೇ ಪಕ್ಕದಲ್ಲಿ.

ಆದ್ದರಿಂದ ವೈದ್ಯರ ಬಳಿ ಹೋದಾಗ ಮಂಡಿಯನ್ನು ಮಾತ್ರ ತೋರಿಸಬೇಡಿ. ಹಿಂದಿನ ತಿಂಗಳು ಹೊಟ್ಟೆ ಕೆಟ್ಟಿತ್ತೆಂಬುದನ್ನೂ ಹೇಳಿ. ಕಣ್ಣು ಕೆಂಪಾಗಿದ್ದರೆ, ಮೂತ್ರ ಮಾಡುವಾಗ ಉರಿಯಿದ್ದರೆ ಸಂಕೋಚವಿಲ್ಲದೆ ತಿಳಿಸಿ. ರೋಗ ಗುರುತಿಸಲು ಈ ಮಾತುಗಳೇ ದೊಡ್ಡ ಸುಳಿವು.

ಎರಡು ಸಂದರ್ಭಗಳಲ್ಲಿ ಮಾತ್ರ ಒಂದು ದಿನವೂ ಕಾಯಬೇಡಿ. ಜ್ವರದೊಂದಿಗೆ ಒಂದೇ ಕೀಲು ಬಿಸಿಯಾಗಿ ಊದಿಕೊಂಡರೆ ಅದರಲ್ಲಿ ಕೀವು ತುಂಬಿರಬಹುದು; ಅದು ಬೇರೆಯೇ ಕಾಯಿಲೆ, ಕೀಲನ್ನೇ ಹಾಳುಮಾಡಬಲ್ಲದು. ಕಣ್ಣು ಕೆಂಪಾಗಿ ನೋಯುತ್ತ, ಬೆಳಕು ಸಹಿಸದಾದರೆ ದೃಷ್ಟಿಗೇ ಅಪಾಯ.

ಉಳಿದಂತೆ ಧೈರ್ಯವಾಗಿರಿ. ವೈದ್ಯರು ಕೊಟ್ಟ ಉರಿಯೂತದ ಮಾತ್ರೆ, ಕೆಲವು ದಿನ ವಿಶ್ರಾಂತಿ, ಬಳಿಕ ಹಿತಮಿತವಾದ ವ್ಯಾಯಾಮ ಇವುಗಳಿಂದ ಬಹುಪಾಲು ಜನ ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ದೀರ್ಘಕಾಲದ ಚಿಕಿತ್ಸೆ ಬೇಕಾದೀತು. ಅಂಗಡಿಯಿಂದ ತಾವೇ ಆ್ಯಂಟಿಬಯಾಟಿಕ್ ತಂದು ನುಂಗಿದರೆ ಕೀಲಿನ ಊತ ಇಳಿಯದು.

ನೀರನ್ನು ಕುದಿಸಿ ಆರಿಸಿ ಕುಡಿಯಿರಿ. ಸಂಪನ್ನು ಆಗಾಗ ತೊಳೆಸಿ. ಊಟಕ್ಕೆ ಮುಂಚೆ, ಶೌಚದ ನಂತರ ಸೋಪು ಹಾಕಿ ಕೈ ತೊಳೆಯಿರಿ. ಮಂಡಿಯ ರಕ್ಷಣೆ ಅಡುಗೆಮನೆಯಿಂದಲೇ ಆರಂಭವಾಗಲಿ.