ತಿಂಗಳು ತುಂಬದ ಕೂಸು



ತೆರಕಣಾಂಬಿಯ ಈ ಶಾಲೆಯಲ್ಲಿ ಓದಿ ಮಕ್ಕಳ ವೈದ್ಯನಾದವನು ನಾನು. 37 ವಾರ ತುಂಬುವ ಮೊದಲೇ ಕೂಸು ಹುಟ್ಟುವುದಕ್ಕೆ ಎಷ್ಟೋ ಸಲ ಗರ್ಭದ ಪೊರೆಗೆ ಸೋಂಕು ತಗುಲಿ ಆದ ಉರಿಯೂತವೇ ಕಾರಣ. ಅದು ಕೂಸಿಗೂ ಮುಟ್ಟಿ, ಇನ್ನೂ ಬಲಿಯದ ಶ್ವಾಸಕೋಶ, ಕರುಳು, ಮಿದುಳಿಗೆ ಪೆಟ್ಟು ಕೊಡಬಹುದು. ತಾಯಿಗೆ ಜ್ವರವೇ ಬಾರದಿರಬಹುದು, ಅದೇ ಕಷ್ಟ.

ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟರದು ಉಳಿಯದು ಅನ್ನುತ್ತಾರೆ. ಹಾಗಿಲ್ಲ ಕಣವ್ವ, ಸೋಂಕಿಲ್ಲದಿದ್ದರೆ ಹೊಟ್ಟೆಯೊಳಗಿನ ಒಂದೊಂದು ವಾರವೂ ಲಾಭವೇ.

ಉರಿಮೂತ್ರವಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ನೀರು ಸೋರಿದರೆ, ನೋವಿಲ್ಲವಲ್ಲ ಎಂದು ಬೆಳಗಿನ ಬಸ್ಸಿಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಗುಂಡ್ಲುಪೇಟೆಗೋ ಚಾಮರಾಜನಗರಕ್ಕೋ ಬೇಗ ತಲುಪಿದರೆ ಸೋಂಕಿಗೆ ಆಂಟಿಬಯಾಟಿಕ್ ಕೊಡಬಹುದು, ಕೂಸಿನ ಶ್ವಾಸಕೋಶ ಬಲಿಸುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲಸ ಮಾಡಲು ಸಮಯವೂ ಸಿಗುತ್ತದೆ.