ವಿದ್ವಾಂಸರು ನಮ್ಮೂರಿಗೂ ಬರಲಿ

ಗೌರಿಬಿದನೂರಿನ ಸಮೀಪದ ಬಯಲಿನಲ್ಲಿ ಸಾಲುಸಾಲಾಗಿ ನಿಂತ ಆಂಟೆನಾಗಳನ್ನು ತಮ್ಮಲ್ಲಿ ಹಲವರು ನೋಡಿರಬಹುದು. ಅಲ್ಲಿ ನಡೆಯುವ ಕೆಲಸವೇನೆಂದು ತಿಳಿದವರು ಎಷ್ಟು ಮಂದಿ? ಅಲ್ಲಿ 1970ರ ದಶಕದಲ್ಲಿ ಬೆಂಗಳೂರಿನ ಎರಡು ಸಂಶೋಧನಾ ಸಂಸ್ಥೆಗಳು ಕೂಡಿ ಒಂದು ರೇಡಿಯೋ ದೂರದರ್ಶಕವನ್ನು ಕಟ್ಟಿದವು. ಪೂರ್ವ ಪಶ್ಚಿಮವಾಗಿ ಅದರ ತೋಳು ಸುಮಾರು 1.4 ಕಿಲೋಮೀಟರ್ ಉದ್ದ. ಮನೆಯ ರೇಡಿಯೋ ಬಾನುಲಿ ಕೇಂದ್ರದ ಅಲೆಗಳನ್ನು ಹಿಡಿಯುವಂತೆಯೇ, ಸೂರ್ಯನಿಂದಲೂ ನಕ್ಷತ್ರಲೋಕದಿಂದಲೂ ತಾವಾಗಿಯೇ ಹೊರಟು ಬರುವ, ಸುಮಾರು 8.7 ಮೀಟರ್ ಉದ್ದದ ಅಲೆಗಳನ್ನು ಅದು ಹಿಡಿಯುತ್ತಿತ್ತು. ನೋಡಿ, ರೇಡಿಯೋ ಇಟ್ಟುಕೊಂಡ ಯಾರಿಗಾದರೂ ಇಷ್ಟನ್ನು ಎರಡು ನಿಮಿಷದಲ್ಲಿ ತಿಳಿಸಬಹುದು. ತಿಳಿಸುವವರು ಬರಬೇಕು, ಅಷ್ಟೆ.

ಸಂಶೋಧನೆಯ ಫಲವು ಸಾಮಾನ್ಯವಾಗಿ ಪಂಡಿತರ ಪತ್ರಿಕೆಗಳಲ್ಲಿ, ಪಂಡಿತರ ಭಾಷೆಯಲ್ಲಿ ಅಚ್ಚಾಗುತ್ತದೆ. ಅದು ತಪ್ಪಲ್ಲ, ಅಲ್ಲಿ ಅದರ ಪರೀಕ್ಷೆಯಾಗಬೇಕು. ಆದರೆ ಅದರ ವೆಚ್ಚವನ್ನು ಹೊತ್ತವರು ಬಹುಮಟ್ಟಿಗೆ ಸಾಮಾನ್ಯ ಜನ. ಆದುದರಿಂದ, ಕಂಡುಕೊಂಡದ್ದನ್ನು ಅವರ ಮುಂದೆ ನಿಂತು ಹೇಳುವುದು ವಿದ್ವಾಂಸರು ಮಾಡುವ ಉಪಕಾರವಲ್ಲ, ತೀರಿಸತಕ್ಕ ಋಣ.

ಇದು ನಮ್ಮ ನಾಡಿಗೆ ಹೊಸ ಮಾತಲ್ಲ. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿಯೇ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ಮಾಡಿದರು; ಆ ಮಾತುಗಳೇ ಆಮೇಲೆ ಅಗ್ಗದ ಸಣ್ಣ ಪುಸ್ತಕಗಳಾದವು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಹೂಡಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರೂ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ.

ನಮ್ಮ ಜಿಲ್ಲೆಯವರೇ ಆದ ಡಾಕ್ಟರ್ ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯಲೇಬೇಕು. ಅವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದರು. ಓದಿಗಾಗಿ 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಅಮೆರಿಕದ ಒಹೈಯೋದಲ್ಲಿ ಪರಮಾಣು ಬೀಜ ವಿಜ್ಞಾನದಲ್ಲಿ ಡಾಕ್ಟರ್ ಪದವಿ ಪಡೆದು ಹಿಂದಿರುಗಿ, 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಮ್ ಅನ್ನು ಸ್ಥಾಪಿಸಿದರು. ವಾರಕ್ಕೊಂದು ಉಪನ್ಯಾಸ, ಯಾರು ಬೇಕಾದರೂ ಬಂದು ಕೇಳಬಹುದು, ಪ್ರಶ್ನಿಸಬಹುದು. ಪ್ರಶ್ನಿಸದೆ ಒಪ್ಪಬೇಡಿ ಎಂಬುದು ಅವರು ಬಾಳಿನುದ್ದಕ್ಕೂ ಹಿಡಿದ ನೀತಿ.

ಇಂಥ ಮಾತು ಹೇಗಿರಬೇಕು? ಇಡೀ ಶಾಸ್ತ್ರವನ್ನು ಅರ್ಧ ಗಂಟೆಯಲ್ಲಿ ಸುರಿಯಬಾರದು. ಒಂದೇ ಪ್ರಶ್ನೆಯನ್ನೆತ್ತಿಕೊಂಡು, ಕೇಳುವವರಿಗೆ ಗೊತ್ತಿರುವಲ್ಲಿಂದ ಹೊರಡಬೇಕು. ಶಿಡ್ಲಘಟ್ಟದ ರೇಷ್ಮೆ ಸಾಕಣೆಗಾರರಿಗೆ ಹುಳುವಿನ ‘ಜ್ವರ’ಗಳೂ, ಸುಣ್ಣಕಟ್ಟು, ಗಂಟುರೋಗಗಳೂ ಚೆನ್ನಾಗಿ ಗೊತ್ತು. ಗಂಟುರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಸ್ಚರ್ ಇದಕ್ಕೊಂದು ಉಪಾಯವನ್ನು ಕಂಡುಕೊಂಡ: ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ನಾಶಮಾಡುವುದು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ನಡೆಯುವ ಪರೀಕ್ಷೆಯ ಬುಡ ಇದೇ. ಇಷ್ಟು ತಿಳಿದ ರೈತ, ಅಗ್ಗವೆಂದು ಎಲ್ಲಿಂದಲೋ ಮೊಟ್ಟೆ ತರುವ ಮುನ್ನ ಒಮ್ಮೆ ಯೋಚಿಸುತ್ತಾನೆ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಯ ಕಾಲೇಜೇ ಇದೆ. ಅಲ್ಲಿನ ಪಾಠ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಅಂಗಳದವರೆಗೂ ನಡೆದು ಬರಲಿ ಎನ್ನುವುದು ದೊಡ್ಡ ಆಸೆಯೇನಲ್ಲ.

ಇನ್ನು ನೀರಿನ ಮಾತು. ನದಿಯ ಆಸರೆಯಿಲ್ಲದ ಈ ಸೀಮೆಯಲ್ಲಿ ಕೊಳವೆಬಾವಿಗಳು ವರ್ಷ ವರ್ಷವೂ ಆಳಕ್ಕೆ ಇಳಿದಿವೆ. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧಿಮಾಡಿ ಹೆಬ್ಬಾಳ ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗಿದೆ. ಒಣಗಿದ ಕೆರೆ ತುಂಬಿದ್ದು ಕೆಲವರಿಗೆ ಸಂತೋಷ. ಮೂರನೆಯ ಹಂತದ ಶುದ್ಧಿ ಇಲ್ಲವಲ್ಲ ಎಂಬುದು ಕೆಲವರಿಗೆ ಅಂಜಿಕೆ. ಕೆರೆಯ ಕೆಳಗಿನ ಬಾವಿಯ ನೀರು ಕುಡಿಯಬಹುದೇ, ತರಕಾರಿಗೆ ಬಿಡಬಹುದೇ ಎಂದು ಗೃಹಿಣಿಯೂ ಕೇಳುತ್ತಾಳೆ, ರೈತನೂ ಕೇಳುತ್ತಾನೆ. ಇದಕ್ಕೆ ಊಹೆಯ ಉತ್ತರ ಸಲ್ಲದು. ನೀರನ್ನು ಪರೀಕ್ಷಿಸಿದವರು ಅದೇ ಕೆರೆಯ ಏರಿಯ ಮೇಲೆ ನಿಂತು, ಸಿಕ್ಕ ಅಂಕಿಗಳನ್ನು ತಿಳಿಗನ್ನಡದಲ್ಲಿ ಹೇಳಬೇಕು. ಅದಿಲ್ಲವಾದರೆ ಗಾಳಿಮಾತೇ ಗೆಲ್ಲುತ್ತದೆ.

ಕೆಲಸದ ಅರ್ಧ ಪಾಲು ನಮ್ಮದೂ ಹೌದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ಊರುಗಳಿಗೆ ಬೆಂಗಳೂರು ಸಮೀಪ. ಬೆಳಿಗ್ಗೆ ಹೊರಟ ಪ್ರಾಧ್ಯಾಪಕರು ಸಂಜೆಗೆ ಮನೆ ಸೇರಬಹುದು. ಶಾಲೆಯ ಒಂದು ಕೊಠಡಿ, ಒಂದು ಕರಿಹಲಗೆ, ಇಪ್ಪತ್ತು ಮಂದಿ ಶ್ರೋತೃಗಳು, ತಿಂಗಳಿಗೊಂದು ಭಾನುವಾರ ಇದ್ದರೆ ಸಾಕು. ಹಾರ ತುರಾಯಿ, ದೀರ್ಘ ಸ್ವಾಗತ ಭಾಷಣಗಳನ್ನು ಬಿಟ್ಟುಬಿಡಿ. ಆ ಹೊತ್ತನ್ನು ಪ್ರಶ್ನೆಗಳಿಗೆ ಇಡಿ. ಮೊದಲ ಪ್ರಶ್ನೆ ಕೇಳುವ ಅವಕಾಶ ಮಕ್ಕಳಿಗಿರಲಿ. ದೊಡ್ಡವರು ಕೇಳಲು ನಾಚುವುದನ್ನು ಅವರು ಕೇಳಿಬಿಡುತ್ತಾರೆ.